ದಯಾ ಸಮಿತಿಗೆ ಬೇಕಾಗಿದ್ದ ಪರದೇಶಿ

ಬೆಥೆಲ್ ಗುಡ್ಡ, ಸೇಂಟ್ ಬ್ರೈಸ್ ದ್ವೀಪ
೯ ಮಾರ್ಚ್ ೧೯೮೬

ಪ್ರೀತಿಯ ವಿನಿ,

ನಿನಗೂ, ನಿನ್ನ ಯಜಮಾನರಿಗೂ, ಲೆಸ್ಟರಿನ ಚಳಿಯಲ್ಲಿ ನಡುಗುತ್ತಿರುವ ಮೊಮ್ಮಕ್ಕಳಿಗೂ ನನ್ನ ನೆನಪುಗಳು. ನಿನ್ನ ಕಾಗದಗಳೆಲ್ಲ ತಲುಪಿವೆ. ಒಂದಕ್ಕೂ ಉತ್ತರ ಬರೆದಿಲ್ಲ. ಸಿಟ್ಟಾಗಿದ್ದರೆ ಅರ್ಧ ಸಿಟ್ಟನ್ನು ಅಂಚೆ ಹಡಗಿನ ಮೇಲೆ ಹಾಕು, ಉಳಿದರ್ಧ ನನಗಿರಲಿ. ಕಾನ್‌ರಾಡ್ ತೀರಿಹೋದ ಸುದ್ದಿಯನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿದ ಮೇಲೆ ಪೆನ್ನು ಹಿಡಿಯುವ ಮನಸ್ಸೇ ಬರಲಿಲ್ಲ. ಈಗ ಬರೆಯದೆ ವಿಧಿಯಿಲ್ಲ. ಇಲ್ಲಿ ನಡೆಯುತ್ತಿರುವುದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಊರಲ್ಲೇ ಹೇಳೋಣವೆಂದರೆ, ಯಾರನ್ನು ಹಿಡಿದರೂ ಅವರು ಕೊಂದವನ ಕಡೆಯವರು, ಇಲ್ಲವೆ ಸತ್ತವನ ಕಡೆಯವರು, ಇಲ್ಲವೆ ಎರಡೂ ಕಡೆಯವರು.

ಕೊಂದವನು ಲಿವಿಂಗ್‌ಸ್ಟನ್ ಟ್ವೀಡ್. ಟ್ರೈಫೀನಾಳ ಒಬ್ಬನೇ ಮಗ. ನೀನು ಊರು ಬಿಟ್ಟ ಮೇಲೆ ಹುಟ್ಟಿದವನು, ನಿನಗೆ ಗೊತ್ತಿಲ್ಲ. ನನ್ನ ತರಗತಿಯಲ್ಲಿ ಲೆಕ್ಕದ ಪಾಠ ಶುರುವಾದೊಡನೆ ನಿದ್ದೆ ಹೋಗುತ್ತಿದ್ದ. ಕಳೆದ ವರ್ಷ ಕಾನ್‌ರಾಡನ ಸಿಗಡಿ ಬೋನುಗಳಿಂದ ಸಿಗಡಿ ಕದಿಯುತ್ತಿದ್ದವನು ಇವನೇ. ದಕ್ಕೆಯ ಹತ್ತಿರ ಕಾನ್‌ರಾಡ್ ಹಿಡಿದುಕೊಂಡು ನಾಲ್ಕು ಜನರ ಮುಂದೆ ಬೈದ. ಇವನು ಕುಡಿದಿದ್ದ. ಕೈಗೆ ಸಿಕ್ಕ ದೋಣಿಯ ಹುಟ್ಟು ಬೀಸಿದ. ಅಷ್ಟೆ. ಬೇರೆ ದ್ವೀಪದಿಂದ ನ್ಯಾಯಾಧೀಶರು ಬಂದರು. ಜೂರಿಯಲ್ಲಿದ್ದವರು ಅಳುತ್ತಲೇ ಅಪರಾಧಿ ಎಂದರು. ಇಲ್ಲಿಯ ಕಾನೂನಿನಲ್ಲಿ ಕೊಲೆಗೆ ಇರುವುದು ಒಂದೇ ಶಿಕ್ಷೆ. ನ್ಯಾಯಾಧೀಶರು ಅದನ್ನು ಓದಿ, ಮುಂದಿನ ವಿಮಾನಕ್ಕೆ ಹೊರಟುಹೋದರು. ಗಲ್ಲಿಗೇರಿಸುವ ಕೆಲಸ ನಮಗೆ ಉಳಿಯಿತು. ಮೇಲ್ಮನವಿಗಳೂ ಮುಗಿದವು.

ಇನ್ನು ಉಳಿಸುವುದೂ ಕೊಲ್ಲುವುದೂ ಗವರ್ನರ್ ವಿದರ್ಸ್ ಅವರ ಕೈಲಿ. ಒಳ್ಳೆಯ ಮನುಷ್ಯ ಪಾಪ, ಈ ಉಪ್ಪುಗಾಳಿಯಲ್ಲಿ ಗುಲಾಬಿ ಬೆಳೆಸಲು ಹೋಗಿ ಸೋತವರು. ನಿವೃತ್ತಿಗೆ ಮುಂಚೆ ನೆಮ್ಮದಿಯ ಊರೆಂದು ಬಂದಿದ್ದರು. ಯಾರನ್ನಾದರೂ ನೇಣಿಗೆ ಹಾಕಬೇಕಾದೀತೆಂದು ಕನಸಿನಲ್ಲೂ ನೆನೆದವರಲ್ಲ. ತೀರ್ಮಾನಕ್ಕೆ ಮುಂಚೆ ಅವರು ದಯಾ ಸಮಿತಿಯೊಂದನ್ನು ಕೂರಿಸಿ ಅದರ ಮಾತು ಕೇಳಬೇಕಂತೆ. ಸಮಿತಿಯವರು ಕೊಂದವನು, ಸತ್ತವನು ಇಬ್ಬರಲ್ಲಿ ಯಾರಿಗೂ ಸಂಬಂಧಿಕರಾಗಿರಬಾರದಂತೆ. ಈ ನಿಯಮವನ್ನು ಲಂಡನ್ನಿನಲ್ಲಿ ಕೂತು ಬರೆದವರು ಸೇಂಟ್ ಬ್ರೈಸ್ ನೋಡಿದವರಲ್ಲ.

ಗವರ್ನರ್ ಮೊದಲು ಅಂಗಡಿಯ ಆಸ್ವಿನ್‌ನನ್ನು ಕರೆದರು. ಅವನು ಲಿವಿಂಗ್‌ಸ್ಟನ್‌ನನ್ನು ದೀಕ್ಷಾಸ್ನಾನದಲ್ಲಿ ಎತ್ತಿಕೊಂಡ ಜ್ಞಾನಪಿತ. ಬ್ಯಾಂಕಿನ ಮ್ಯಾನೇಜರ್‌ನನ್ನು ಕರೆದರು. ಅವನ ಹೆಂಡತಿ ಕಾನ್‌ರಾಡನ ದೊಡ್ಡಪ್ಪನ ಮೊಮ್ಮಗಳು, ಸ್ಕೆರಿಟ್ ಮನೆತನದವಳು. ಅಂಚೆಕಚೇರಿಯ ಮೇಬೆಲ್ ನಿಂತಲ್ಲೇ ಹೇಳಿದಳಂತೆ: "ಸ್ವಾಮಿ, ಅಮ್ಮ ಟ್ವೀಡ್, ಅಪ್ಪ ಸ್ಕೆರಿಟ್. ಬೆಳಿಗ್ಗೆ ನೇಣಿಗೆ ಹಾಕಿ ಅಂತೀನಿ, ಸಂಜೆ ಬೇಡ ಅಂತೀನಿ. ನಡೆಯುತ್ತಾ?"

ಕೊನೆಗೆ ಇಡೀ ದ್ವೀಪವನ್ನು ಜರಡಿ ಹಿಡಿದರೆ ಮೇಲೆ ಉಳಿದವರು ಮೂರೇ ಜನ. ಗಯಾನಾದಿಂದ ಬಂದಿರುವ ಡಾಕ್ಟರ್ ರಾಮ್‌ಸರೂಪ್, ಬಾರ್ಬಡೋಸಿನ ಪಾದ್ರಿ ಬ್ಯಾಸ್ಕಂ, ಮತ್ತು ನಾನು. ಗವರ್ನರ್ ಖುದ್ದಾಗಿ ಮನೆಗೆ ಬಂದರು.

"ಮಿಸ್ ಲೈಬರ್ಡ್, ನಿಮಗೆ ಇಲ್ಲಿ ಸಂಬಂಧಿಕರು ಯಾರೂ ಇಲ್ಲವಂತೆ?"

"ಇಲ್ಲ ಸ್ವಾಮಿ. ನಾನು ನೀವಿಸ್ ದ್ವೀಪದವಳು. ಹರೆಯದಲ್ಲಿ ಬಂದೆ, ಈಗ ಪಿಂಚಣಿ ತಗೋತಿದೀನಿ. ಇವತ್ತಿಗೂ ನನ್ನನ್ನ ಪರದೇಶಿ ಟೀಚರ್ ಅಂತಲೇ ಕರೀತಾರೆ."

"ಅದ್ಭುತ!" ಎಂದವರು ತಕ್ಷಣ ಕಿವಿಯವರೆಗೂ ಕೆಂಪಾದರು. "ಅಂದರೆ, ಕಾನೂನಿನ ದೃಷ್ಟಿಯಿಂದ ಹೇಳಿದೆ. ರಕ್ತದಿಂದಾಗಲಿ ಮದುವೆಯಿಂದಾಗಲಿ ಆ ಇಬ್ಬರಿಗೆ ನೀವು ಏನೂ ಆಗಬೇಕಿಲ್ಲ ತಾನೆ?"

"ಏನೂ ಆಗಬೇಕಿಲ್ಲ" ಎಂದೆ.

ನೀನು ಹುಬ್ಬೇರಿಸುತ್ತಿದ್ದೀಯೆಂದು ಗೊತ್ತು. ಏರಿಸಿಕೋ. ಮುಂದೆ ಓದು.

ಸಮಿತಿಯ ಸುದ್ದಿ ಹಬ್ಬಿದ ಮಾರನೆಯ ದಿನವೇ ನಮ್ಮ ಮುಖ್ಯಮಂತ್ರಿ ಆಸ್ಬರ್ಟ್ ಗಂಬ್ಸ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಜೂನಿನಲ್ಲಿ ಚುನಾವಣೆ. ಹಿಂದಿನ ದಿನವಷ್ಟೇ ರೇಡಿಯೋದಲ್ಲಿ, "ಹಗ್ಗ! ಸೇಂಟ್ ಬ್ರೈಸ್ ಕೇಳುತ್ತಿರುವುದು ಹಗ್ಗ!" ಎಂದು ಗಂಟಲು ಹರಿಯುವಂತೆ ಕೂಗಿದ್ದ.

"ಟೀಚರಮ್ಮ, ಒಳಗೆ ಬರಲಾ?"

"ಮುಂಬಾಗಿಲು ಇದೆಯಲ್ಲೋ ಆಸ್ಬರ್ಟ್."

"ಅಲ್ಲಿ ಜನ ನೋಡ್ತಾರೆ." ಒಳಗೆ ಬಂದು ಉಪ್ಪುಮೀನು, ಕರಿದ ರೊಟ್ಟಿ ಹಾಕಿಸಿಕೊಂಡ. ತಟ್ಟೆ ಅರ್ಧ ಖಾಲಿಯಾದ ಮೇಲೆ ಮೆಲ್ಲಗೆ, "ಟೀಚರಮ್ಮ, ಅವನನ್ನ ಉಳಿಸಿಬಿಡಿ" ಎಂದ.

"ನಿನ್ನೆ ಹಗ್ಗ ಹಗ್ಗ ಅಂತ ಕೂಗಿದ್ದು ಯಾರಪ್ಪ?"

"ಅದು ಮುಖ್ಯಮಂತ್ರಿ. ಈಗ ಬಂದಿರೋದು ಟ್ರೈಫೀನಾ ಚಿಕ್ಕಮ್ಮನ ಅಕ್ಕನ ಮಗ." ಬೆರಳು ನೆಕ್ಕಿಕೊಂಡ. "ನೋಡಿ, ನೇಣಿಗೆ ಹಾಕಿದ್ರೆ ಟ್ವೀಡ್‌ಗಳ ಓಟು ಹೋಯ್ತು. ಹಾಕದಿದ್ರೆ ಸ್ಕೆರಿಟ್‌ಗಳ ಓಟು ಹೋಯ್ತು. ನೀವು ಮೂರು ಪರದೇಶಿಗಳು ಸೇರ್ಕೊಂಡು ಬಿಟ್ಟುಬಿಟ್ರಿ ಅಂತಿಟ್ಕೊಳ್ಳಿ. ನಾನು ನಿಮ್ಮನ್ನ ಬೈದು ಎರಡೂ ಉಳಿಸ್ಕೋತೀನಿ."

"ಅಂದ್ರೆ ನನ್ನನ್ನ ರೇಡಿಯೋದಲ್ಲಿ ಬೈತೀಯಾ?"

"ಸ್ವಲ್ಪ. ಮರ್ಯಾದೆಯಿಂದಲೇ ಬೈತೀನಿ." ಹೋಗುವಾಗ ನನ್ನ ಮುಖ ನೋಡದೆ, "ನಿಮಗೆ ಕಷ್ಟ ಅಂತ ಗೊತ್ತು ಟೀಚರಮ್ಮ" ಎಂದು ಹೇಳಿ ಹಿತ್ತಿಲ ಬೇಲಿ ಹಾರಿಯೇ ಹೋದ. ಎಂಥ ಮೈ, ಎಂಥ ಬೇಲಿ! ಪ್ಯಾಂಟಿನ ಚೂರೊಂದು ಇನ್ನೂ ಮುಳ್ಳಿನಲ್ಲಿದೆ.

ಉಪ್ಪುಮೀನು ನೆನೆಹಾಕಿದ್ದೇನೆ, ಹೋಗಬೇಕು. ಮಕ್ಕಳಿಗೆ ನನ್ನ ಮುತ್ತು.

ನಿನ್ನ
ಇಯಾಂಥಿ


೬ ಏಪ್ರಿಲ್ ೧೯೮೬

ಪ್ರೀತಿಯ ವಿನಿ,

ನೀನು ಕಳಿಸಿದ ಉಣ್ಣೆಯ ಶಾಲು ಬಂತು. ಈ ಸೆಕೆಯಲ್ಲಿ ಅದನ್ನು ಹೊದ್ದರೆ ನನ್ನನ್ನೂ ನೇಣಿಗೆ ಹಾಕಿದಂತೆಯೇ, ಆದರೂ ಕುರ್ಚಿಯ ಮೇಲೆ ಹಾಸಿದ್ದೇನೆ. ಚೆನ್ನಾಗಿ ಕಾಣುತ್ತದೆ.

ಲಂಡನ್ನಿನಿಂದ ಒಬ್ಬ ಬಂದಿದ್ದ. ಲಂಡನ್ನಿನವರ ಪಾಡೂ ನಮ್ಮ ಆಸ್ಬರ್ಟನ ಪಾಡೇ. ತಮ್ಮ ಊರಲ್ಲಿ ನೇಣು ನಿಲ್ಲಿಸಿ ಎಷ್ಟೋ ವರ್ಷವಾಯಿತು. ತಮ್ಮ ಬಾವುಟದ ಕೆಳಗೆ ನಮ್ಮಲ್ಲಿ ಯಾರಾದರೂ ತೂಗಿದರೆ ಅಲ್ಲಿಯ ಪಾರ್ಲಿಮೆಂಟಿನಲ್ಲಿ ಗಲಾಟೆ. ಬೇಡವೆಂದು ಬಾಯಿಬಿಟ್ಟು ಹೇಳಿದರೆ, ದ್ವೀಪದವರ ವಿಚಾರದಲ್ಲಿ ಮೂಗು ತೂರಿಸಿದರೆಂದು ಇಲ್ಲಿ ಗಲಾಟೆ. ಹಾಗಾಗಿ ಬೇಕೆಂದೂ ಹೇಳದ ಬೇಡವೆಂದೂ ಹೇಳದ ಮನುಷ್ಯನೊಬ್ಬನನ್ನು ಹುಡುಕಿ ಕಳಿಸಿದ್ದರು. ಹೆಸರು ಆಪಲ್‌ಗಾರ್ತ್. ಬಂದ ದಿನ ಬಿಳಿಯಾಗಿದ್ದ, ಮರುದಿನ ಬೇಯಿಸಿದ ಸಿಗಡಿಯಾಗಿದ್ದ.

ಅಪರಾಧಿಯನ್ನು ಸಮಿತಿಯವರೂ ನೋಡಿ ಬರಬೇಕೆಂದು ಗವರ್ನರ್ ಹೇಳಿದ್ದರಿಂದ ಅವತ್ತು ನಾನೂ ಜೈಲಿಗೆ ಹೋಗಿದ್ದೆ. ಜೈಲು ನೋಡಿಕೊಳ್ಳುವ ಡಬ್ಲಿನ್ ತನ್ನ ಬೂಟಿಗೆ ಪಾಲಿಶ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಆಪಲ್‌ಗಾರ್ತ್ ನೇರವಾಗಿ, "ಗಲ್ಲಿನ ಸಾಮಗ್ರಿ ನೋಡಬೇಕು" ಎಂದ. ಡಬ್ಲಿನ್ ತನ್ನ ಬೂಟು ನೋಡಿಕೊಂಡ.

"ನೋಡಲೇಬೇಕಾ ಸ್ವಾಮಿ?"

"ಅಗತ್ಯ ಬಿದ್ದರೆ ಶಿಕ್ಷೆ ಜಾರಿಯಾಗಬಲ್ಲದೇ ಎಂದು ನಾನು ವರದಿ ಕೊಡಬೇಕು. ಅಗತ್ಯ ಬೀಳುತ್ತದೆ ಎಂದಲ್ಲ. ಬೀಳುವುದಿಲ್ಲ ಎಂದೂ ಅಲ್ಲ."

ಹಿಂದಿನ ಅಂಗಳದ ತಗಡಿನ ಶೆಡ್ಡಿಗೆ ಹೋದೆವು. ಬಾಗಿಲು ತೆಗೆದೊಡನೆ ಒಳಗಿನಿಂದ ಕೋಳಿಗಳ ಕೂಗಾಟ. ಡಬ್ಲಿನ್‌ನ ಹೆಂಡತಿ ಸಾಕಿದವು.

"ತೊಲೆ ಎಲ್ಲಿ?" ಎಂದ ಆಪಲ್‌ಗಾರ್ತ್.

"ಚರ್ಚಿನಲ್ಲಿ ಸ್ವಾಮಿ. ಚಂಡಮಾರುತದ ವರ್ಷ ಗಂಟೆ ಬಿದ್ದುಹೋಯ್ತು, ಅದನ್ನ ತೂಗುಹಾಕೋಕೆ ಪಾದ್ರಿಗಳು ಸಾಲ ತಗೊಂಡ್ರು. ವಾಪಸ್ ಕೇಳೋದು ಹೇಗೆ? ಭಾನುವಾರ ಅದರ ಕೆಳಗೇ ಕೂತು ಹಾಡ್ತೀವಿ."

"ಹಗ್ಗ?"

"ದೋಣಿ ಪಂದ್ಯದವರು ಒಯ್ದರು."

"ನೇಣು ಹಾಕುವವನಾದರೂ ಇದ್ದಾನೆಯೇ?"

"ಪಕ್ಕದ ದ್ವೀಪದಲ್ಲಿ ಒಬ್ಬ ಇದ್ದ. ಬರೆದು ಕೇಳಿದ್ವಿ. ಮಂಡಿ ನೋವಂತೆ, ಮೆಟ್ಟಿಲು ಹತ್ತಕ್ಕಾಗಲ್ಲವಂತೆ. ನೆಲದ ಮೇಲೆ ಮಾಡೋ ಕೆಲಸ ಏನಾದ್ರೂ ಇದ್ದರೆ ತಿಳಿಸಿ ಅಂದಿದಾನೆ."

ಆಪಲ್‌ಗಾರ್ತ್‌ನ ಮುಖದಲ್ಲಿ ನೆಮ್ಮದಿ ಹರಡುತ್ತಿದ್ದುದು ನನಗೇ ಕಾಣಿಸಿತು. ಆದರೆ ಬಂದ ಕೆಲಸ ಪೂರ್ತಿ ಮಾಡುವ ಜಾತಿ ಅದು. ಗಲ್ಲಿನ ಹಲಗೆಯ ಮೇಲೆ ಹತ್ತಿ ತುಕ್ಕು ಹಿಡಿದ ಸನ್ನೆಕೋಲಿನ ಮೇಲೆ ಕೈಯಿಟ್ಟ.

"ಎಳೀಬೇಡಿ ಸ್ವಾಮಿ, ಮೊಟ್ಟೆ ಇಡೋ ಹೊತ್ತು, ಕೋಳಿ ಹೆದರ್ತವೆ" ಎಂದು ಡಬ್ಲಿನ್ ಕೂಗಿದ.

ಅವನು ಎಳೆದ. ಸನ್ನೆಕೋಲು ಅಲುಗಲಿಲ್ಲ. ಆದರೆ ಗೆದ್ದಲು ತಿಂದ ಹಲಗೆ ಲಟಕ್ಕೆಂದು ಮುರಿದು ಆಪಲ್‌ಗಾರ್ತ್ ಎದೆಯವರೆಗೂ ಇಳಿದುಹೋದ. ಕೆಳಗೆ ಕಾಲಿನ ಸುತ್ತ ಕೋಳಿಗಳು, ಮೇಲೆ ಕೆಂಪು ಮುಖ, ಕೈಯಲ್ಲಿ ಇನ್ನೂ ಪೆನ್ನು. ಡಬ್ಲಿನ್‌ಗೆ ಗಾಬರಿಯಲ್ಲಿ ಮೈಯೇ ಆಡಲಿಲ್ಲ. ನನಗೆ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡೆ, ದೇವರು ಕ್ಷಮಿಸಲಿ. ಅಷ್ಟರಲ್ಲಿ ಅಂಗಳ ಗುಡಿಸುತ್ತಿದ್ದವನೊಬ್ಬ ಪೊರಕೆ ಬಿಸಾಡಿ ಓಡಿಬಂದ. "ಕೈ ಕೊಡಿ ಸ್ವಾಮಿ, ಕಾಲು ಒದೀಬೇಡಿ, ಮೊಳೆ ತಾಗುತ್ತೆ" ಎಂದು ಎರಡೂ ಕಂಕುಳಲ್ಲಿ ಕೈಹಾಕಿ ಎತ್ತಿ, ಪಕ್ಕಕ್ಕೆ ಕೂರಿಸಿ, ಕೋಟಿನ ಮೇಲಿನ ಪುಕ್ಕಗಳನ್ನು ಒಂದೊಂದಾಗಿ ತೆಗೆದ.

"ಬಹಳ ಉಪಕಾರವಾಯಿತು. ನಿಮ್ಮ ಹೆಸರು?" ಎಂದ ಆಪಲ್‌ಗಾರ್ತ್.

"ಲಿವಿಂಗ್‌ಸ್ಟನ್ ಟ್ವೀಡ್, ಸ್ವಾಮಿ."

ನನ್ನ ನಗು ಅಲ್ಲಿಗೆ ನಿಂತಿತು. ಆಪಲ್‌ಗಾರ್ತ್ ಅವತ್ತು ಸಂಜೆಯ ವಿಮಾನಕ್ಕೇ ಹೊರಟುಹೋದ.

ಆಮೇಲೆ ನಾನೂ ಲಿವಿಂಗ್‌ಸ್ಟನ್ನೂ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತೆವು. ಕೇಳಲು ಹತ್ತಾರು ಪ್ರಶ್ನೆ ಜೋಡಿಸಿಕೊಂಡು ಹೋಗಿದ್ದೆ. ಆದರೆ ಅವನೇ ಶುರುಮಾಡಿದ.

"ಅವರು ಬಿದ್ದಲ್ಲಿ ನೀರು ಮೊಣಕಾಲುದ್ದಾನೂ ಇರ್ಲಿಲ್ಲ ಟೀಚರ್. ಎದ್ದು ಬಂದು ನನ್ನ ಕೆನ್ನೆಗೆ ಬಾರಿಸ್ತಾರೆ ಅಂತ ಕಾಯ್ತಾ ನಿಂತಿದ್ದೆ. ಬಾರಿಸ್ಲಿ ಅಂತಲೇ ನಿಂತಿದ್ದೆ. ಅವರು ಏಳ್ಲೇ ಇಲ್ಲ."

"ತಕ್ಷಣ ಯಾಕೋ ಎತ್ತಲಿಲ್ಲ?"

"ಗೊತ್ತಾಗ್ಲಿಲ್ಲ ಟೀಚರ್. ಗೊತ್ತಾದಾಗ ಎತ್ತಿದೆ."

ಒಯ್ದಿದ್ದ ಸೀಬೆಹಣ್ಣಿನ ಜ್ಯಾಮನ್ನು ಅವನ ಕೈಗೆ ಕೊಟ್ಟು ಎದ್ದು ಬಂದೆ. ಮನೆಗೆ ಬಂದವಳೇ ಹಿತ್ತಿಲಿನ ಕಳೆ ಕೀಳಲು ಕೂತೆ. ಕತ್ತಲಾದಾಗ ನೋಡಿದರೆ ಮೆಣಸಿನ ಗಿಡಗಳನ್ನೂ ಕಿತ್ತುಹಾಕಿದ್ದೆ.

ನಿನ್ನ
ಇಯಾಂಥಿ


೪ ಮೇ ೧೯೮೬

ಪ್ರೀತಿಯ ವಿನಿ,

ಮುಗಿಯಿತು. ನಿನ್ನ ಕಾಗದದಲ್ಲಿ "ನೀನು ಈ ಸಮಿತಿಯಿಂದ ಹೊರಗೆ ಬಾ, ನಿನ್ನಿಂದಾಗದು" ಎಂದು ಬರೆದಿದ್ದೆ. ಅದು ಕೈಸೇರುವ ಹೊತ್ತಿಗೆ ಸಭೆಯೇ ಮುಗಿದುಹೋಗಿತ್ತು. ಅಂಚೆ ಹಡಗು ನಿನ್ನ ಮಾತನ್ನು ಯಾವಾಗಲಾದರೂ ಹೊತ್ತಿಗೆ ಸರಿಯಾಗಿ ತಂದದ್ದುಂಟೆ?

ಗವರ್ನರ ಬಂಗಲೆಯ ಊಟದ ಮೇಜಿನ ಸುತ್ತ ಕೂತಿದ್ದೆವು. ಚಹಾ, ಸೌತೆಕಾಯಿ ಸ್ಯಾಂಡ್‌ವಿಚ್. ಒಬ್ಬ ಮನುಷ್ಯನ ಕೊರಳಿನ ಬಗ್ಗೆ ಮಾತಾಡುವಾಗ ಸ್ಯಾಂಡ್‌ವಿಚ್‌ಗೆ ಕೈ ಚಾಚುವುದು ಹೇಗೆ? ನಾವು ಮೂವರೂ ತಟ್ಟೆ ನೋಡುತ್ತ ಕೂತೆವು. ಗವರ್ನರ್ ಮೊದಲು ಲಂಡನ್ನಿನ ತಂತಿ ಓದಿದರು. "ತೀರ್ಮಾನ ಸಂಪೂರ್ಣವಾಗಿ ತಮ್ಮದೇ. ಈ ವಿಷಯದಲ್ಲಿ ನಮಗೆ ಯಾವ ಅಭಿಪ್ರಾಯವೂ ಇಲ್ಲ. ಆ ಅಭಿಪ್ರಾಯಕ್ಕೆ ವಿರುದ್ಧವಾದುದನ್ನು ತಾವು ಮಾಡಲಾರಿರೆಂದು ನಂಬಿದ್ದೇವೆ." ಅದನ್ನು ಅವರು ಇನ್ನೊಮ್ಮೆ ಓದಿದರು. ಎರಡನೆಯ ಸಲವೂ ಅರ್ಥವಾಗಲಿಲ್ಲ.

"ಡಾಕ್ಟರ್, ನೀವು ಹೇಳಿ."

ರಾಮ್‌ಸರೂಪ್ ಕನ್ನಡಕ ಹಾಕಿಕೊಂಡರು. "ಪರೀಕ್ಷೆ ಮಾಡಿದ್ದೇನೆ. ಹೃದಯ ಚೆನ್ನಾಗಿದೆ, ರಕ್ತದೊತ್ತಡ ನನಗಿಂತ ಉತ್ತಮ. ನೇಣಿಗೆ ಯೋಗ್ಯ."

"ಯೋಗ್ಯ ಎಂದರೆ, ಹಾಕಬೇಕೆಂದೇ?"

"ಅಯ್ಯೋ ಇಲ್ಲ! ಆರೋಗ್ಯ ಹೇಗಿದೆ ಅಂತ ನೀವು ಕೇಳಿದಿರಿ ಅಂದುಕೊಂಡೆ. ಹಾಕಬೇಕೋ ಬೇಡವೋ ನಾನು ಹೇಗೆ ಹೇಳಲಿ? ನಾನು ಡಾಕ್ಟರು."

ಪಾದ್ರಿ ಬ್ಯಾಸ್ಕಂ ಎದ್ದು ನಿಂತರು. ಅವರು ಎದ್ದು ನಿಂತರೆ ಏನಾಗುತ್ತದೆಂದು ನಿನಗೆ ಗೊತ್ತಿಲ್ಲ, ನೀನು ಪುಣ್ಯವಂತೆ. ಮೋಶೆಯಿಂದ ಶುರುಮಾಡಿದರು. ನ್ಯಾಯದ ಪರ್ವತ ಹತ್ತಿದರು, ಕರುಣೆಯ ಕಣಿವೆಗೆ ಇಳಿದರು, ಮತ್ತೆ ಹತ್ತಿದರು. ಚಹಾ ಆರಿತು. ಸ್ಯಾಂಡ್‌ವಿಚ್‌ನ ಅಂಚುಗಳು ಮುದುರಿದವು.

"ಹಾಗಾದರೆ ಪಾದ್ರಿಗಳೇ, ಕರುಣೆಯೋ ಅಲ್ಲವೋ?" ಎಂದು ಗವರ್ನರ್ ದೈನ್ಯದಿಂದ ಕೇಳಿದರು.

"ಎರಡನ್ನೂ ದೇವರ ಪಾದದಲ್ಲಿಟ್ಟಿದ್ದೇನೆ."

"ದೇವರು ಏನೆಂದರು?"

"ಸಮಿತಿಗೆ ಬಿಟ್ಟಿದ್ದಾರೆ."

ಗವರ್ನರ್ ನನ್ನ ಕಡೆ ತಿರುಗಿದರು. ಪಾಪ, ಹಣೆಯೆಲ್ಲ ಬೆವರು. ಆ ಮನುಷ್ಯನಿಗೆ ಯಾರಾದರೂ ಒಂದು ಮಾತು, ಒಂದೇ ಒಂದು ಮಾತು ನೇರವಾಗಿ ಹೇಳಿದರೆ ಸಾಕಾಗಿತ್ತು. ಲಂಡನ್ ಹೇಳಲಿಲ್ಲ, ಆಸ್ಬರ್ಟ್ ಹಿಂಬಾಗಿಲಲ್ಲಿ ಹೇಳಿದ, ದೇವರು ನಮ್ಮ ಮೇಲೆ ಹಾಕಿದ. ನಾನು ಬರೆದುಕೊಂಡು ಹೋಗಿದ್ದ ಮಾತುಗಳು ಚೀಲದಲ್ಲೇ ಉಳಿದವು. ಬಾಯಿಗೆ ಬಂದದ್ದನ್ನು ಹೇಳಿದೆ.

"ಕಾನ್‌ರಾಡನ ಹೆಸರಿನಲ್ಲಿ ಯಾರನ್ನೂ ಕೊಲ್ಲಬೇಡಿ. ಸಿಗಡಿಯನ್ನ ಕುದಿನೀರಿಗೆ ಹಾಕುವಾಗ ಅವನು ಅಡುಗೆಮನೆ ಬಿಟ್ಟು ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ಹಾಕಿ ಆಯ್ತು ಬಾ ಅಂತ ಕರೆದ ಮೇಲೇ ಒಳಗೆ ಬರುತ್ತಿದ್ದ. ಜೀವನವಿಡೀ ಸಿಗಡಿ ಹಿಡಿದ ಮನುಷ್ಯ. ಅವನಿಗೆ ನೀವು ಇದನ್ನ ಮಾಡಬೇಡಿ."

ಯಾರ ಅಡುಗೆಮನೆ ಎಂದು ಗವರ್ನರ್ ಕೇಳಲಿಲ್ಲ. ಪಾದ್ರಿಗಳು ಕೆಮ್ಮಿ ಕಿಟಕಿಯ ಕಡೆ ನೋಡಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, "ನಾನೂ ಅದನ್ನೇ ಹೇಳುತ್ತೇನೆ" ಎಂದರು. ಪಾದ್ರಿಗಳೂ ತಲೆಯಾಡಿಸಿದರು. ಗವರ್ನರ್ ಅಲ್ಲೇ, ಆ ಮೇಜಿನ ಮೇಲೇ, ನೇಣು ರದ್ದುಮಾಡಿ ಜೀವಾವಧಿಗೆ ಸಹಿ ಹಾಕಿದರು. ಆಮೇಲೆ ತಟ್ಟೆ ಎಳೆದುಕೊಂಡು ಒಣಗಿದ ಸ್ಯಾಂಡ್‌ವಿಚ್‌ಗಳನ್ನೆಲ್ಲ ಒಬ್ಬರೇ ತಿಂದರು. ಎಷ್ಟು ದಿನದಿಂದ ಊಟ ಬಿಟ್ಟಿದ್ದರೋ.

ಆಸ್ಬರ್ಟ್ ಕೊಟ್ಟ ಮಾತು ಉಳಿಸಿಕೊಂಡ. "ಪರದೇಶಿಗಳು ನಮ್ಮ ನ್ಯಾಯದ ಕತ್ತು ಹಿಸುಕಿದರು!" ಎಂದು ರೇಡಿಯೋದಲ್ಲಿ ಗುಡುಗಿದ. ಅದೇ ಮಧ್ಯಾಹ್ನ ಮನೆಗೆ ಒಂದು ಮೇಕೆಯ ತೊಡೆ ಬಂತು, ಯಾರು ಕಳಿಸಿದರೆಂದು ತಂದವನು ಹೇಳಲಿಲ್ಲ. ಸಾರು ಮಾಡಿ ಡಬ್ಲಿನ್ ಮನೆಗೂ ಕೊಟ್ಟೆ. ಲಂಡನ್ನಿನಿಂದ ಇನ್ನೊಂದು ತಂತಿ ಬಂದಿದೆಯಂತೆ: ನಮಗೆ ಅಭಿಪ್ರಾಯವಿಲ್ಲದ ವಿಷಯ ಹೀಗೆ ತೃಪ್ತಿಕರವಾಗಿ ಮುಗಿದದ್ದು ಸಂತೋಷ ಎಂದು. ಟ್ರೈಫೀನಾ ಬಂದಿದ್ದಳು. ಬಾಗಿಲ ಹತ್ತಿರವೇ ನಿಂತಳು. ಕೊನೆಗೆ ನನ್ನ ಅಂಗಳ ಗುಡಿಸಿ ಹೋದಳು.

ನಿನ್ನ ಮೊಮ್ಮಗಳು ಪರೀಕ್ಷೆಯಲ್ಲಿ ಗೆಲ್ಲಲಿ, ಮೊಮ್ಮಗನ ಕೆಮ್ಮು ಬೇಗ ವಾಸಿಯಾಗಲಿ, ನಿನ್ನ ಯಜಮಾನರ ಸೊಂಟಕ್ಕೆ ದೇವರು ಬಲ ಕೊಡಲಿ. ನೀನು ನೂರು ವರ್ಷ ಬದುಕಿ ನನ್ನ ತಡವಾದ ಕಾಗದಗಳಿಗೆ ಬೈಯುತ್ತಿರು.

ನಿನ್ನ
ಇಯಾಂಥಿ

ತಾ.ಕ.: ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ನೀನು ಈ ಕಾಗದಗಳಲ್ಲೆಲ್ಲ ಹುಡುಕಿದ್ದು ಬೇರೆ ಏನನ್ನೋ ಎಂದು ಗೊತ್ತು. ನಮ್ಮ ಮದುವೆ ನಿಂತುಹೋದ ದಿನ ನನ್ನ ಪಕ್ಕದಲ್ಲಿದ್ದವಳು ನೀನೊಬ್ಬಳೇ. ಪರದೇಶಿ ಹೆಣ್ಣು ಸ್ಕೆರಿಟ್ ಮನೆಗೆ ಬೇಡವೆಂದು ಕಾನ್‌ರಾಡನ ತಾಯಿ ಯೂಫೀಮಿಯಾ ಹಠ ಹಿಡಿದದ್ದು ನಿನಗೆ ನೆನಪಿದೆ. ಆಮೇಲೆ ಅವನೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ, ಇಷ್ಟು ವರ್ಷವೂ. ಊರಿಗೆಲ್ಲ ಗೊತ್ತಿತ್ತು. ಅದಕ್ಕೊಂದು ಹೆಸರಿಲ್ಲದ್ದರಿಂದ ಯಾರೂ ಅದನ್ನು ಸಂಬಂಧವೆಂದು ಎಣಿಸಲಿಲ್ಲ. ಅವನನ್ನು ಮಣ್ಣು ಮಾಡಿದ ದಿನ ನಾನು ಹಿಂದಿನ ಸಾಲಿನಲ್ಲಿ, ಶಾಲೆಯವರ ಜೊತೆ ಕೂತಿದ್ದೆ.

ನಿನ್ನೆ ಮೀನು ಮಾರ್ಕೆಟ್ಟಿನಲ್ಲಿ ಯೂಫೀಮಿಯಾ ಕೋಲೂರಿಕೊಂಡು ಬಂದು ಎಲ್ಲರೆದುರು ನನ್ನ ತೋಳು ಹಿಡಿದಳು. "ನನ್ನ ಮಗನ್ನ ಕೊಂದವನ ಪ್ರಾಣ ಉಳಿಸೋಕೆ ನೀನು ಯಾರೇ? ನನ್ನ ಮಗ ನಿನಗೆ ಏನಾಗಬೇಕಿತ್ತು? ಹೇಳು, ಏನಾಗಬೇಕಿತ್ತು?" ಎಂದು ಅಲುಗಿಸಿದಳು. ಆ ಕೈ ಎಷ್ಟು ಹಗುರವಾಗಿಬಿಟ್ಟಿದೆ ವಿನಿ, ಹಕ್ಕಿಯ ಕಾಲಿನ ಹಾಗೆ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಉತ್ತರ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಅವಳ ಕೋಲು ಕೆಳಗೆ ಬಿದ್ದಿತ್ತು, ಎತ್ತಿ ಕೈಗೆ ಕೊಟ್ಟೆ. ಮೀನು ತೂಗಿಸಿಕೊಂಡು ಮನೆಗೆ ಬಂದೆ.

ಹೆಚ್ಚಲು ಕೂತಾಗ ನೋಡಿದರೆ, ಇಬ್ಬರಿಗಾಗುವಷ್ಟು ತಂದಿದ್ದೆ.